ಹೃದಯದ ಕಲೆ ಶೇಕಡಾ ಎಷ್ಟು? ಎಂಆರ್‌ಐ ವರದಿಯ ಒಂದು ಸಂಖ್ಯೆಯ ಹಿಂದಿನ ಲೆಕ್ಕ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಅಡಿಕೆ ಕೃಷಿ ಮಾಡಿಕೊಂಡಿರುವ ನಮ್ಮ ಅಪ್ಪಚ್ಚಿಗೆ, ಅಂದರೆ ತಂದೆಯ ತಮ್ಮನಿಗೆ, ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಇದೆ. ರಕ್ತದೊತ್ತಡದಂಥ ಹೊರಗಿನ ಕಾರಣವಿಲ್ಲದೆ ಹೃದಯದ ಸ್ನಾಯು ದಪ್ಪವಾಗುತ್ತಾ ಹೋಗುವ, ಹೆಚ್ಚಾಗಿ ವಂಶದಲ್ಲಿ ಹರಿದುಬರುವ ಕಾಯಿಲೆ ಇದು. ಅವರ ಮೊದಲ ಎಂಆರ್‌ಐ ವರದಿಯಲ್ಲಿ ಎಡ ಹೃತ್ಕುಕ್ಷಿಯ, ಅಂದರೆ ದೇಹಕ್ಕೆ ರಕ್ತ ತಳ್ಳುವ ಕೋಣೆಯ, ಸ್ನಾಯುವಿನ ಶೇ. 11ರಷ್ಟು ಭಾಗದಲ್ಲಿ ಗಾಯದ ಕಲೆ ಇದೆ ಎಂದು ಬರೆದಿತ್ತು. ಒಂದೂವರೆ ವರ್ಷದ ಬಳಿಕ ಬೇರೊಂದು ಊರಿನ ಆಸ್ಪತ್ರೆಯಲ್ಲಿ ಮಾಡಿಸಿದ ಪರೀಕ್ಷೆಯಲ್ಲಿ ಅದು ಶೇ. 18 ಎಂದಾಗಿತ್ತು. ಈ ಕಾಯಿಲೆಯ ಮಟ್ಟಿಗೆ ಶೇ. 15 ಎಂಬುದು ವೈದ್ಯರು ಗಮನದಲ್ಲಿಡುವ ಗಡಿ. ಅದನ್ನು ದಾಟಿದವರಲ್ಲಿ ಹಠಾತ್ ಸಾವಿನ ಅಪಾಯ ಹೆಚ್ಚೆಂದು ಎಣಿಸಿ, ಹೃದಯ ಲಯ ತಪ್ಪಿದಾಗ ತಾನಾಗಿಯೇ ಶಾಕ್ ಕೊಟ್ಟು ಸರಿಪಡಿಸುವ ಐಸಿಡಿ ಎಂಬ ಸಾಧನವನ್ನು ಎದೆಯಲ್ಲಿ ಕೂರಿಸುವ ಮಾತು ಆರಂಭವಾಗುತ್ತದೆ. ಲಕ್ಷಗಳ ಲೆಕ್ಕದ ಖರ್ಚು, ಜೀವಮಾನವಿಡೀ ಜೊತೆಗಿರುವ ಯಂತ್ರ. ಮನೆಯವರೆಲ್ಲ ಕಾಯಿಲೆ ಓಟ ಕಿತ್ತಿದೆ ಎಂದೇ ತಿಳಿದರು. ಆ ವರದಿಗಳನ್ನು ಅರ್ಥ ಮಾಡಿಕೊಳ್ಳುವ ಹಟದಲ್ಲಿ ಓದಿ, ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯಂತೆ ಕೇರಳ-ಕರ್ನಾಟಕ ಗಡಿಯ ಎರಡೂ ಬದಿಯ ಆಸ್ಪತ್ರೆಗಳಿಗೆ ಫೈಲು ಹೊತ್ತು ತಿರುಗುವವರಿಗೆ ಇದು ಹೆಚ್ಚು ಬೇಕಾಗುತ್ತದೆ ಎಂಬುದು ನನ್ನ ಅನಿಸಿಕೆ.

ಹೃದಯದ ಸ್ನಾಯುಕೋಶಗಳು ಸತ್ತರೆ ಅವುಗಳ ಜಾಗದಲ್ಲಿ ಹೊಸ ಸ್ನಾಯು ಬೆಳೆದು ಬರುವುದಿಲ್ಲ. ಆ ಜಾಗವನ್ನು ಕೊಲಾಜೆನ್ ಎಂಬ ನಾರು ತುಂಬಿಕೊಳ್ಳುತ್ತದೆ. ಈ ನಾರಿನ ಕಲೆ ಸ್ನಾಯುವಿನಂತೆ ಸಂಕುಚಿಸುವುದಿಲ್ಲ, ವಿದ್ಯುತ್ ಸಂಕೇತವನ್ನು ನೆಟ್ಟಗೆ ದಾಟಿಸುವುದೂ ಇಲ್ಲ. ಕಲೆ ಮತ್ತು ಜೀವಂತ ಸ್ನಾಯು ಹೆಣೆದುಕೊಂಡಿರುವ ಅಂಚಿನಲ್ಲಿ ಸಂಕೇತವು ಬಳಸುದಾರಿ ಹಿಡಿದು ಸುತ್ತಲು ತೊಡಗಿದರೆ ಪ್ರಾಣಕ್ಕೇ ಅಪಾಯ ತರುವ ಲಯದೋಷ ಹುಟ್ಟುತ್ತದೆ. ಎಕೋ ಪರೀಕ್ಷೆಯಲ್ಲಿ ಹೃದಯದ ಗೋಡೆ ಅಲುಗುತ್ತಿಲ್ಲ ಎಂಬುದು ಕಾಣುತ್ತದೆ, ಆದರೆ ಅದು ಸತ್ತು ಕಲೆಯಾಗಿದೆಯೋ ಅಥವಾ ರಕ್ತ ಸಾಲದೆ ಸುಮ್ಮನಾಗಿದೆಯೋ ಎಂಬುದು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಆ ವ್ಯತ್ಯಾಸವನ್ನು ಹೃದಯ ತೆರೆಯದೆ ತೋರಿಸುವುದೇ ಎಂಆರ್‌ಐಯ ಹೆಚ್ಚುಗಾರಿಕೆ.

ತೋರಿಸುವ ಬಗೆ ಹೀಗೆ. ಗ್ಯಾಡೋಲಿನಿಯಂ ಸೇರಿದ ಕಾಂಟ್ರಾಸ್ಟ್ ಔಷಧವನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ಅದು ಜೀವಂತ ಕೋಶದ ಒಳಗೆ ಹೋಗುವುದಿಲ್ಲ, ಕೋಶಗಳ ನಡುವಿನ ಸಂದಿನಲ್ಲಿ ಮಾತ್ರ ಹರಡುತ್ತದೆ. ನಮ್ಮ ಕಡೆಯ ಮುರಕಲ್ಲಿನ ಗೋಡೆಗೆ ಮಳೆ ಬಡಿದದ್ದನ್ನು ನೆನಪಿಸಿಕೊಂಡರೆ ಉಳಿದದ್ದು ಸುಲಭ. ಮಳೆ ನಿಂತ ಕೂಡಲೇ ನೋಡಿದರೆ ಗೋಡೆಯೆಲ್ಲ ಒದ್ದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಗಟ್ಟಿ ಕಲ್ಲು ಒಣಗಿರುತ್ತದೆ, ತೂತುಗಳು ಹೆಚ್ಚಿರುವ ಕಲ್ಲು ಮಾತ್ರ ನೀರು ಹಿಡಿದುಕೊಂಡು ಬೇರೆಯಾಗಿ ಕಾಣುತ್ತದೆ. ಕಲೆಯೊಳಗೆ ಸಂದು ಹೆಚ್ಚು, ಆದ್ದರಿಂದ ಔಷಧ ಅಲ್ಲಿ ಹೆಚ್ಚು ಸೇರುತ್ತದೆ ಮತ್ತು ನಿಧಾನವಾಗಿ ಹೊರಬರುತ್ತದೆ. ಹೀಗಾಗಿ ಚುಚ್ಚಿದ ಸುಮಾರು 10ರಿಂದ 20 ನಿಮಿಷಗಳ ಬಳಿಕ ಚಿತ್ರ ತೆಗೆಯುತ್ತಾರೆ. ರೇಡಿಯೋ ತರಂಗದ ಒಂದು ಹೊಡೆತದಿಂದ, ದೇಹದಿಂದ ಯಂತ್ರಕ್ಕೆ ಬರುವ ಸಂಕೇತವನ್ನು ತಲೆಕೆಳಗು ಮಾಡಿ, ಆರೋಗ್ಯವಾಗಿರುವ ಸ್ನಾಯುವಿನ ಸಂಕೇತ ಸರಿಯಾಗಿ ಸೊನ್ನೆಗೆ ಬರುವ ಗಳಿಗೆಯನ್ನು, ಅಂದರೆ ಸಾಮಾನ್ಯವಾಗಿ 250ರಿಂದ 350 ಮಿಲಿಸೆಕೆಂಡಿನ ಒಳಗಿನ ಒಂದು ಬಿಂದುವನ್ನು, ತಂತ್ರಜ್ಞರು ಆರಿಸಿಕೊಳ್ಳುತ್ತಾರೆ. ಆಗ ಆರೋಗ್ಯವಾಗಿರುವ ಸ್ನಾಯು ಕಪ್ಪಾಗಿ, ಕಲೆ ಬೆಳ್ಳಗೆ ಕಾಣುತ್ತದೆ.

ಬಿಳಿ ಎಲ್ಲಿದೆ ಎಂಬುದೇ ಅರ್ಧ ರೋಗನಿರ್ಣಯ. ಹೃದಯಾಘಾತದ ಕಲೆ ಗೋಡೆಯ ಒಳಪದರದಿಂದ ಶುರುವಾಗಿ ಹೊರಗೆ ಹಬ್ಬುತ್ತದೆ, ಏಕೆಂದರೆ ರಕ್ತ ನಿಂತಾಗ ಮೊದಲು ಸಾಯುವುದು ಒಳಪದರ. ಹೃದಯ ಹಿಗ್ಗುವ ಡೈಲೇಟೆಡ್ ಕಾರ್ಡಿಯೋಮಯೋಪತಿಯಲ್ಲಿ ಗೋಡೆಯ ನಡುವೆ ಗೆರೆಯಂತೆ, ಸ್ನಾಯುವಿನ ಉರಿಯೂತದ ಬಳಿಕ ಹೆಚ್ಚಾಗಿ ಹೊರ ಅಂಚಿನಲ್ಲಿ ಕಾಣುತ್ತದೆ. ಕೇರಳದ ಕರಾವಳಿಗೆ ತನ್ನದೇ ಆದ ಒಂದು ಕಲೆಯ ಕಾಯಿಲೆಯೂ ಇತ್ತು. ಅದು ಎಂಡೋಮಯೋಕಾರ್ಡಿಯಲ್ ಫೈಬ್ರೋಸಿಸ್. 1948ರಲ್ಲಿ ಉಗಾಂಡದಿಂದ ಮೊದಲು ವರ್ಣಿತವಾದ ಈ ಕಾಯಿಲೆಯಲ್ಲಿ ಹೃದಯದ ಒಳಪೊರೆಯೇ ನಾರುಗಟ್ಟಿ ತುದಿಭಾಗ ಮುಚ್ಚಿಹೋಗುತ್ತದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯನ್ನು ಕಟ್ಟಿದ, ಬಳಿಕ ಮಣಿಪಾಲದಲ್ಲಿ ಕುಲಪತಿಗಳಾಗಿದ್ದು 2024ರಲ್ಲಿ ಅಲ್ಲಿಯೇ ತೀರಿಕೊಂಡ ಡಾ. ಎಂ.ಎಸ್. ವಲಿಯತ್ತಾನ್ ಅವರು ಆ ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುವ ಕೆಲಸದಲ್ಲೂ, ಮಣ್ಣಿನ ಸೀರಿಯಂ ಮತ್ತು ಆಹಾರದ ಮೆಗ್ನೀಸಿಯಂ ಕೊರತೆಯೊಡನೆ ಅದರ ನಂಟನ್ನು ಹುಡುಕುವ ಕೆಲಸದಲ್ಲೂ ವರ್ಷಗಟ್ಟಲೆ ತೊಡಗಿದ್ದರು. ಕಾರಣ ಇಂದಿಗೂ ಇತ್ಯರ್ಥವಾಗಿಲ್ಲ, ಆದರೆ ಹೊಸ ರೋಗಿಗಳ ಸಂಖ್ಯೆ ಬಹಳ ಇಳಿದಿದೆ. ಅಂದು ಹೃದಯ ತೆರೆದಾಗ ಕೈಗೆ ಸಿಗುತ್ತಿದ್ದ ಆ ಪದರವನ್ನು ಇಂದು ಎಂಆರ್‌ಐಯಲ್ಲಿ ಹೊರಗಿನಿಂದಲೇ ನೋಡಬಹುದು.

ಕಲೆಯನ್ನು ನೋಡುವುದು ಒಂದು, ಅಳೆಯುವುದು ಇನ್ನೊಂದು. ಅಳತೆಗೆ ಬೆಲೆ ಬಂದದ್ದು 2000ದ ನವೆಂಬರ್‌ನಲ್ಲಿ. ಶಿಕಾಗೋದ ರೇಮಂಡ್ ಕಿಮ್, ರಾಬರ್ಟ್ ಜುಡ್ ಮತ್ತು ಸಂಗಡಿಗರು ಸ್ಟೆಂಟ್ ಅಥವಾ ಬೈಪಾಸ್ ಆಗಲಿದ್ದ 50 ಜನರ ಹೃದಯವನ್ನು ಚಿಕಿತ್ಸೆಗೆ ಮುಂಚೆ ಮತ್ತು ಆಮೇಲೆ ಚಿತ್ರೀಕರಿಸಿ, ಹೃದಯದ ಗೋಡೆಯನ್ನು ತುಣುಕುಗಳಾಗಿ ವಿಂಗಡಿಸಿ ನೋಡಿದರು. ಸರಿಯಾಗಿ ಅಲುಗದಿದ್ದ, ಆದರೆ ಕಲೆಯಿಲ್ಲದಿದ್ದ 329 ತುಣುಕುಗಳಲ್ಲಿ 256 ತುಣುಕುಗಳು ಚೇತರಿಸಿಕೊಂಡವು. ಗೋಡೆಯ ದಪ್ಪದ ಮುಕ್ಕಾಲಿಗೂ ಹೆಚ್ಚು ಭಾಗವನ್ನು ಕಲೆ ಆಕ್ರಮಿಸಿದ್ದ 58 ತುಣುಕುಗಳಲ್ಲಿ ಚೇತರಿಸಿದ್ದು ಒಂದೇ ಒಂದು. ಕಲೆ ಎಷ್ಟು ಆಳ ಎಂಬ ಪ್ರಶ್ನೆಗೆ ಇಷ್ಟು ಸ್ಪಷ್ಟವಾದ ಉತ್ತರ ಅದುವರೆಗೆ ಸಿಕ್ಕಿರಲಿಲ್ಲ. ಅಲ್ಲಿ ಅಳತೆ ಒರಟಾಗಿದ್ದರೂ ಸಾಕಿತ್ತು: ಕಾಲು, ಅರ್ಧ, ಮುಕ್ಕಾಲು ಎಂದು ಕಣ್ಣಂದಾಜಿನಲ್ಲಿ ಗುರುತಿಸಿದರೂ ನಿರ್ಣಯ ಕೆಡುತ್ತಿರಲಿಲ್ಲ. ಆದರೆ ಶೇ. 14 ಮತ್ತು ಶೇ. 16ರ ನಡುವೆ ಗೆರೆ ಎಳೆದು ಒಂದು ಕಡೆಯವರಿಗೆ ಯಂತ್ರ, ಇನ್ನೊಂದು ಕಡೆಯವರಿಗೆ ಮಾತ್ರೆ ಎನ್ನುವಾಗ ಅಳತೆಯ ಕೋಲು ಯಾವುದು ಎಂದು ಕೇಳದೆ ನಿರ್ವಾಹವಿಲ್ಲ.

ಒಣಗಿದ ಅಡಿಕೆಯನ್ನು ಎರಡು ಹೋಳು ಮಾಡಿ ನೋಡಿದರೆ ಕಂದು ಮತ್ತು ಬಿಳಿ ಬಣ್ಣಗಳು ಎಳೆಎಳೆಯಾಗಿ ಬೆರೆತಿರುತ್ತವೆ. ಇದರಲ್ಲಿ ಬಿಳಿ ಶೇಕಡಾ ಎಷ್ಟು ಎಂದು ಹತ್ತು ಜನರನ್ನು ಕೇಳಿದರೆ ಹತ್ತು ಉತ್ತರ ಬರುವುದು ಯಾರ ಕಣ್ಣಿನ ದೋಷದಿಂದಲೂ ಅಲ್ಲ, ಕಂದು ಎಲ್ಲಿ ಮುಗಿದು ಬಿಳಿ ಎಲ್ಲಿ ಆರಂಭವಾಯಿತು ಎಂಬುದಕ್ಕೆ ಗೆರೆಯಿಲ್ಲದ್ದರಿಂದ. ಹೃದಯದ ಚಿತ್ರದಲ್ಲೂ ಕಪ್ಪು ಬಿಳಿಯ ನಡುವೆ ಬೂದು ಇದೆ. ಒಂದು ಪಿಕ್ಸೆಲ್, ಅಂದರೆ ಚಿತ್ರದ ಒಂದು ಚುಕ್ಕೆ, ಅಡ್ಡಲಾಗಿ ಸುಮಾರು ಒಂದೂವರೆ ಮಿಲಿಮೀಟರ್, ಒಂದು ಚಿತ್ರ ತೋರಿಸುವ ಹೃದಯದ ಹೋಳಿನ ದಪ್ಪ ಸಾಮಾನ್ಯವಾಗಿ 8 ಮಿಲಿಮೀಟರ್. ಗೋಡೆಯೋ ಆರೋಗ್ಯದಲ್ಲಿ ಹೆಚ್ಚೆಂದರೆ 10-11 ಮಿಲಿಮೀಟರ್. ಅಂದರೆ ಗೋಡೆಯ ಒಳಗಿನಿಂದ ಹೊರಗೆ ಆರೇಳು ಪಿಕ್ಸೆಲ್‌ಗಳಷ್ಟೇ ಸಿಗುತ್ತವೆ. ಅದರಲ್ಲಿ ಒಂದು ಪಿಕ್ಸೆಲ್ ಅರ್ಧ ಕಲೆ, ಅರ್ಧ ಸ್ನಾಯು ಆಗಿದ್ದರೆ ಅದು ಬೂದು ಬಣ್ಣಕ್ಕೆ ತಿರುಗುತ್ತದೆ. ಅದನ್ನು ಕಲೆಯ ಲೆಕ್ಕಕ್ಕೆ ಸೇರಿಸಬೇಕೋ ಬಿಡಬೇಕೋ?

ಇದಕ್ಕೆ ಒಂದಕ್ಕಿಂತ ಹೆಚ್ಚು ನಿಯಮಗಳು ಬಳಕೆಯಲ್ಲಿವೆ. ಒಂದು ಪದ್ಧತಿಯಲ್ಲಿ ದೂರದ, ಆರೋಗ್ಯವಾಗಿ ಕಾಣುವ ಸ್ನಾಯುವಿನ ಒಂದು ತುಂಡನ್ನು ಗುರುತಿಸಿ, ಅದರ ಸರಾಸರಿ ಹೊಳಪಿಗಿಂತ ಇಂತಿಷ್ಟು ಮಾನಕ ವಿಚಲನೆ (ಆ ತುಂಡಿನೊಳಗಿನ ಹೊಳಪಿನ ಸಹಜ ಏರಿಳಿತದ ಅಳತೆ) ಮೇಲಿರುವುದೆಲ್ಲ ಕಲೆ ಎಂದು ಎಣಿಸುತ್ತಾರೆ. ಈ ‘ಇಂತಿಷ್ಟು’ ಕೆಲವರಿಗೆ 2, ಕೆಲವರಿಗೆ 5, ಇನ್ನು ಕೆಲವರಿಗೆ 6. ಎರಡಕ್ಕೆ ಇಟ್ಟರೆ ಬೂದೆಲ್ಲ ಒಳಗೆ ಬರುತ್ತದೆ, ಆರಕ್ಕೆ ಇಟ್ಟರೆ ಗಾಢ ಬಿಳಿ ಮಾತ್ರ ಉಳಿಯುತ್ತದೆ. ಇನ್ನೊಂದು ಪದ್ಧತಿಯಲ್ಲಿ ಕಲೆಯ ಅತಿ ಹೆಚ್ಚಿನ ಹೊಳಪನ್ನು ಹಿಡಿದು, ಅದರ ಅರ್ಧಕ್ಕಿಂತ ಹೆಚ್ಚು ಹೊಳೆಯುವುದನ್ನು ಮಾತ್ರ ಕಲೆ ಎನ್ನುತ್ತಾರೆ. ಮೂರನೆಯದು ಅನುಭವಿ ವೈದ್ಯರು ಕೈಯಿಂದಲೇ ಗೆರೆ ಎಳೆಯುವುದು. 2011ರಲ್ಲಿ ಲಂಡನ್‌ನ ವೈದ್ಯರ ತಂಡವೊಂದು ಹೊಸ ಹೃದಯಾಘಾತ, ಹಳೆಯ ಹೃದಯಾಘಾತ ಮತ್ತು ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ, ಹೀಗೆ ಒಟ್ಟು 60 ಜನರ ಚಿತ್ರಗಳನ್ನು ಇಂಥ ಏಳು ವಿಧಾನಗಳಲ್ಲಿ ಅಳೆಯಿತು. ಅದೇ ಚಿತ್ರದಲ್ಲಿ ಕಲೆಯ ಪ್ರಮಾಣ ವಿಧಾನದಿಂದ ವಿಧಾನಕ್ಕೆ ಎರಡು ಪಟ್ಟಿನವರೆಗೆ ಬದಲಾಯಿತು. ಮತ್ತೆ ಮತ್ತೆ ಅಳೆದಾಗ ಹೆಚ್ಚು ಸ್ಥಿರವಾಗಿ ಅದೇ ಉತ್ತರ ಕೊಟ್ಟದ್ದು ಅರ್ಧ ಹೊಳಪಿನ ವಿಧಾನ. ಸ್ಥಿರವಾಗಿದೆ ಎಂದ ಮಾತ್ರಕ್ಕೆ ಎಲ್ಲ ಕಾಯಿಲೆಗೂ ಅದೇ ಸತ್ಯ ಎಂದಲ್ಲ. ಗಾಢ ಬಿಳಿಯೇ ಇಲ್ಲದೆ ಮಂಜಿನಂತೆ ಹರಡಿರುವ ಕಲೆಯಲ್ಲಿ ಯಾವುದರ ಅರ್ಧವನ್ನು ಹಿಡಿಯುವುದು ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಅಳತೆ ಅಲುಗುವ ಜಾಗಗಳು ಇನ್ನೂ ಇವೆ. ಔಷಧ ಚುಚ್ಚಿ ಬೇಗನೆ ಚಿತ್ರ ತೆಗೆದರೆ ಕಲೆಯ ಅಂಚು ದೊಡ್ಡದಾಗಿ ಕಾಣಬಹುದು. ಸೊನ್ನೆಯ ಗಳಿಗೆಯನ್ನು ತಪ್ಪಾಗಿ ಆರಿಸಿದರೆ ಆರೋಗ್ಯವಾಗಿರುವ ಸ್ನಾಯುವೂ ಬೂದಾಗುತ್ತದೆ. ಉಸಿರು ಹಿಡಿಯಲಾಗದ ರೋಗಿಯ ಚಿತ್ರ ಮಸುಕಾಗುತ್ತದೆ. ಹೃದಯಾಘಾತವಾದ ಮೊದಲ ದಿನಗಳಲ್ಲಿ ಅಳೆದರೆ ಬಾವು ಸೇರಿ ಕಲೆ ಹೆಚ್ಚಾಗಿ ತೋರುತ್ತದೆ, ಕೆಲವು ತಿಂಗಳಲ್ಲಿ ಅದೇ ಕಲೆ ಗಣನೀಯವಾಗಿ ಕುಗ್ಗುತ್ತದೆ. ಅದನ್ನು ಔಷಧದ ಗೆಲುವೆಂದು ಓದಿಬಿಡುವ ಅಪಾಯವೂ ಇದೆ. ಆಘಾತದ ನಡುಭಾಗದಲ್ಲಿ ಸಣ್ಣ ರಕ್ತನಾಳಗಳೇ ಮುಚ್ಚಿಹೋಗಿದ್ದರೆ ಅಲ್ಲಿಗೆ ಔಷಧ ತಲುಪದೆ ಬಿಳಿಯ ನಡುವೆ ಕಪ್ಪು ಭಾಗ ಉಳಿಯುತ್ತದೆ. ಸತ್ತ ಸ್ನಾಯು ಅದೂ ಹೌದು, ಲೆಕ್ಕಕ್ಕೆ ಸೇರಿಸಲೇಬೇಕು, ಆದರೆ ಬರಿಯ ಹೊಳಪನ್ನು ಎಣಿಸುವ ಕಂಪ್ಯೂಟರ್ ಅದನ್ನು ಬಿಟ್ಟುಬಿಡುತ್ತದೆ. ಶೇಕಡಾ ಎಂದ ಮೇಲೆ ಕೆಳಗಿನ ಸಂಖ್ಯೆಯೂ ಮುಖ್ಯ. ಹೃತ್ಕುಕ್ಷಿಯೊಳಗಿನ ಕಂಬದಂಥ ಸ್ನಾಯುಗಳನ್ನು ಒಟ್ಟು ತೂಕಕ್ಕೆ ಸೇರಿಸಿದರೆ ಒಂದು ಶೇಕಡಾ, ಬಿಟ್ಟರೆ ಇನ್ನೊಂದು. ಈಗ ಗೆರೆ ಎಳೆಯುವ ಕೆಲಸವನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಕ್ಷಣದಲ್ಲಿ ಮಾಡಿ ಕೊಡುತ್ತಿವೆ. ಅದು ಸಮಯ ಉಳಿಸುತ್ತದೆ, ಕೈಯ ನಡುಕವನ್ನೂ ತೆಗೆಯುತ್ತದೆ. ಆದರೆ ಯಾವ ನಿಯಮದಲ್ಲಿ ಅಳೆದ ಚಿತ್ರಗಳಿಂದ ಅದು ಕಲಿತಿದೆಯೋ ಆ ನಿಯಮವನ್ನೇ ಅದು ಮುಂದುವರಿಸುತ್ತದೆ ಎಂಬುದನ್ನು ಮರೆಯಬಾರದು.

ಅಳತೆ ಸರಿಯಾದರೂ ಅದರ ಅರ್ಥ ಕಾಯಿಲೆಯಿಂದ ಕಾಯಿಲೆಗೆ ಬೇರೆ. ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿಯಲ್ಲಿ ಪ್ರಮಾಣಕ್ಕೆ ತೂಕವಿದೆ: 2014ರಲ್ಲಿ ಪ್ರಕಟವಾದ, 1,293 ರೋಗಿಗಳ ಅಧ್ಯಯನದಲ್ಲಿ, ಬೇರೆ ರೀತಿಯಲ್ಲಿ ಅಪಾಯ ಕಡಿಮೆ ಎಂದು ಎಣಿಸಲಾಗಿದ್ದವರಲ್ಲೂ ಶೇ. 15 ಅಥವಾ ಅದಕ್ಕಿಂತ ಹೆಚ್ಚು ಕಲೆಯಿದ್ದರೆ ಹಠಾತ್ ಸಾವಿನ ಅಪಾಯ ಎರಡು ಪಟ್ಟಾಗಿತ್ತು. ಆ ಗಡಿ ಅಮೆರಿಕದ ಮತ್ತು ಯುರೋಪಿನ ಮಾರ್ಗಸೂಚಿಗಳಿಗೆ ಬಂದದ್ದು ಹೀಗೆ. ಅಲ್ಲಿಯೂ ಅದು ಐಸಿಡಿಯನ್ನು ‘ಪರಿಗಣಿಸಬಹುದು’ ಎನ್ನುವ ಮಟ್ಟದ ಕಾರಣವೇ ಹೊರತು ಒಂಟಿಯಾಗಿ ನಿಂತ ಆದೇಶವಲ್ಲ. ಡೈಲೇಟೆಡ್ ಕಾರ್ಡಿಯೋಮಯೋಪತಿಯ ಕಥೆ ಬೇರೆ. 2013ರಲ್ಲಿ ಲಂಡನ್‌ನಿಂದ ಬಂದ 472 ರೋಗಿಗಳ ಅಧ್ಯಯನದಲ್ಲಿ ಗೋಡೆಯ ನಡುವೆ ಕಲೆಯಿದ್ದ 142 ಜನರಲ್ಲಿ 38 ಮಂದಿ ತೀರಿಕೊಂಡರೆ, ಕಲೆಯಿಲ್ಲದ 330 ಜನರಲ್ಲಿ ತೀರಿಕೊಂಡವರು 35. ಇಲ್ಲಿ ಸ್ವಲ್ಪವೇ ಕಲೆಯಿದ್ದರೂ ಅಪಾಯ ಏರಿಬಿಡುತ್ತದೆ ಎಂದು ಬಳಿಕದ ಕೆಲಸಗಳು ತೋರಿಸಿವೆ, ಆದ್ದರಿಂದ ಶೇಕಡಾ ಎಷ್ಟು ಎಂಬುದಕ್ಕಿಂತ ಇದೆಯೋ ಇಲ್ಲವೋ ಎಂಬ ಪ್ರಶ್ನೆಯೇ ದೊಡ್ಡದು. ಇಂದಿಗೂ ಐಸಿಡಿಯ ನಿರ್ಧಾರ ಬಹುಮಟ್ಟಿಗೆ ಎಕೋದ ಇಎಫ್, ಅಂದರೆ ಎಡ ಹೃತ್ಕುಕ್ಷಿ ಪ್ರತಿ ಬಡಿತಕ್ಕೆ ಹೊರತಳ್ಳುವ ರಕ್ತದ ಪಾಲು, ಶೇ. 35ಕ್ಕೆ ಇಳಿಯಿತೇ ಎಂಬುದರ ಮೇಲೆ ನಿಂತಿದೆ. 2016ರ ಡ್ಯಾನಿಶ್ ಪ್ರಯೋಗದಲ್ಲಿ, ರಕ್ತನಾಳದ ಕಾರಣವಿಲ್ಲದೆ ಹೃದಯ ಸೋತ 1,116 ಜನರಲ್ಲಿ, ಐಸಿಡಿ ಹಠಾತ್ ಸಾವನ್ನು ಅರ್ಧಕ್ಕೆ ಇಳಿಸಿದರೂ ಒಟ್ಟು ಸಾವನ್ನು ಗಮನಾರ್ಹವಾಗಿ ಇಳಿಸಲಿಲ್ಲ. ಹಾಗಿದ್ದರೆ ಯಾರಿಗೆ ನಿಜಕ್ಕೂ ಪ್ರಯೋಜನ ಎಂದು ಆರಿಸಲು ಕಲೆಯ ಚಿತ್ರ ನೆರವಾಗಬೇಕು ಎಂಬ ವಾದಕ್ಕೆ ಬಲ ಬಂದದ್ದು ಅಲ್ಲಿಂದ. ಈ ವಾದ ನನಗೆ ಸರಿ ಎನಿಸುತ್ತದೆ. ಇಎಫ್ ಎಂಬುದು ಪಂಪಿನ ಬಲವನ್ನು ಹೇಳುತ್ತದೆ, ಲಯ ತಪ್ಪುವುದೋ ಕಲೆಯ ಅಂಚಿನಲ್ಲಿ.

ಸ್ಟೆಂಟ್ ಮತ್ತು ಬೈಪಾಸ್ ವಿಚಾರದಲ್ಲಿ ಮಾತ್ರ ಎರಡು ದಶಕಗಳ ನಂಬಿಕೆ ಈಚೆಗೆ ಅಲುಗಿದೆ. ಜೀವಂತ ಸ್ನಾಯು ಸಾಕಷ್ಟಿದ್ದರೆ ನಾಳ ತೆರೆಯಬೇಕು, ಕಲೆಯೇ ಹೆಚ್ಚಿದ್ದರೆ ತೆರೆದು ಫಲವಿಲ್ಲ ಎಂಬುದು ಕಿಮ್ ಅವರ ಫಲಿತಾಂಶದಿಂದ ಸಹಜವಾಗಿ ಬಂದ ಸೂತ್ರ. 2022ರಲ್ಲಿ ಬ್ರಿಟನ್ನಿನ ರಿವೈವ್ಡ್ ಪ್ರಯೋಗ ಇಎಫ್ ಶೇ. 35 ಅಥವಾ ಅದಕ್ಕಿಂತ ಕಡಿಮೆಯಿದ್ದ, ಸ್ನಾಯು ಜೀವಂತವಿದೆ ಎಂದು ಖಚಿತಪಡಿಸಿಕೊಂಡ 700 ಜನರಲ್ಲಿ ಸ್ಟೆಂಟ್ ಹಾಕಿದವರನ್ನೂ ಔಷಧ ಮಾತ್ರ ಪಡೆದವರನ್ನೂ ಹೋಲಿಸಿತು. ಸಾವಿನಲ್ಲಾಗಲೀ ಹೃದಯ ವೈಫಲ್ಯಕ್ಕಾಗಿ ಆಸ್ಪತ್ರೆ ಸೇರುವುದರಲ್ಲಾಗಲೀ ಸ್ಟೆಂಟ್ ವ್ಯತ್ಯಾಸ ಮಾಡಲಿಲ್ಲ. ಮರುವರ್ಷದ ವಿಶ್ಲೇಷಣೆಯಲ್ಲಿ, ಜೀವಂತ ಸ್ನಾಯು ಎಷ್ಟಿತ್ತು ಎಂಬುದು ಯಾರಿಗೆ ಸ್ಟೆಂಟ್ ಫಲಿಸುತ್ತದೆ ಎಂದು ಹೇಳಲಿಲ್ಲ, ಆದರೆ ಕಲೆ ಹೆಚ್ಚಿದ್ದವರ ಗತಿ ಕೆಟ್ಟದ್ದು ಎಂಬುದು ಮಾತ್ರ ಗಟ್ಟಿಯಾಗಿ ನಿಂತಿತು. ಇದನ್ನು ಓದಿ ಎದೆನೋವು ಬಂದಾಗ ಆಸ್ಪತ್ರೆಗೆ ಹೋಗಿ ಪ್ರಯೋಜನವಿಲ್ಲ ಎಂದು ಯಾರೂ ತಿಳಿಯಬಾರದು. ಆ ಪ್ರಯೋಗ ಹಳೆಯ, ನಿಧಾನದ ಕಾಯಿಲೆಯದ್ದು. ನಾಳ ಈಗಷ್ಟೇ ಮುಚ್ಚಿದ ಹೃದಯಾಘಾತದಲ್ಲಿ ಕೂಡಲೇ ತೆರೆಯುವುದು ಜೀವ ಉಳಿಸುತ್ತದೆ, ಕಲೆಯನ್ನೂ ಚಿಕ್ಕದಾಗಿಸುತ್ತದೆ.

ಕಲೆಯ ದಪ್ಪವನ್ನು ನಿರ್ಧರಿಸುವುದು ಬಹುಮಟ್ಟಿಗೆ ಆ ಹೊತ್ತೇ. ಒಳಪದರದಿಂದ ಹೊರಪದರಕ್ಕೆ ಸಾವು ಅಲೆಯಂತೆ ಹಬ್ಬುವುದಕ್ಕೆ ಕೆಲವು ಗಂಟೆಗಳು ಬೇಕು. 2007ರಿಂದ 2009ರವರೆಗೆ ಕೇರಳದ ಆಸ್ಪತ್ರೆಗಳಲ್ಲಿ 25,748 ಹೃದಯ ರೋಗಿಗಳನ್ನು ದಾಖಲಿಸಿದ ಅಧ್ಯಯನದಲ್ಲಿ, ದೊಡ್ಡ ನಾಳ ಪೂರ್ತಿ ಮುಚ್ಚುವ ಬಗೆಯ ಹೃದಯಾಘಾತವಾದವರ ಪೈಕಿ ಶೇ. 40ಕ್ಕೂ ಹೆಚ್ಚು ಜನ ಆರು ಗಂಟೆ ಕಳೆದ ಮೇಲೆ ಆಸ್ಪತ್ರೆ ತಲುಪಿದ್ದರು. ಕಾಸರಗೋಡಿನವರಿಗೆ ದೊಡ್ಡ ಆಸ್ಪತ್ರೆ ಎಂದರೆ ಹಿಂದಿನಿಂದಲೂ ಐವತ್ತು ಕಿಲೋಮೀಟರ್ ಆಚೆಯ ಮಂಗಳೂರು, ಮುಳ್ಳೇರಿಯ, ಅಡೂರಿನ ಕಡೆಯವರಿಗೆ ದಾರಿ ಇನ್ನೂ ದೂರ. 2020ರ ಮಾರ್ಚ್‌ನಲ್ಲಿ ಕೊರೊನಾದ ಹೊತ್ತಿಗೆ ತಲಪಾಡಿಯ ಗಡಿ ಮುಚ್ಚಿ ಆಂಬುಲೆನ್ಸ್‌ಗಳು ನಿಂತದ್ದು, ವಿಷಯ ಕೇರಳ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋದದ್ದು ಇಲ್ಲಿ ಯಾರೂ ಮರೆತಿಲ್ಲ. ಆ ದಿನಗಳನ್ನು ದಾಟಿ ಬದುಕುಳಿದವರ ಹೃದಯದಲ್ಲಿ ತಡವಾದ ಗಂಟೆಗಳ ಗುರುತು ಬಿಳಿಯಾಗಿ ಉಳಿದಿರಬಹುದು. ಎಂಆರ್‌ಐ ಅಳೆಯುವುದು ಆ ತಡವನ್ನೂ ಹೌದು.

ಇಷ್ಟೆಲ್ಲ ಹೇಳಿದ್ದು ಬೆಳ್ಳಗೆ ಎದ್ದು ಕಾಣುವ ಕಲೆಯ ಬಗ್ಗೆ. ಹೃದಯದ ತುಂಬ ಸಮವಾಗಿ ಹರಡಿದ ನಾರನ್ನು ಈ ವಿಧಾನ ಹಿಡಿಯಲಾರದು, ಏಕೆಂದರೆ ಹೋಲಿಸಲು ಆರೋಗ್ಯವಾಗಿರುವ ಸ್ನಾಯುವೇ ಅಲ್ಲಿ ಉಳಿದಿರುವುದಿಲ್ಲ. ಅದಕ್ಕಾಗಿ ಟಿ1 ಮ್ಯಾಪಿಂಗ್ ಎಂಬ ಅಳತೆ ಇದೆ. ರೇಡಿಯೋ ತರಂಗದ ಹೊಡೆತದ ಬಳಿಕ ಪ್ರತಿ ಪಿಕ್ಸೆಲ್‌ನ ಸಂಕೇತ ಮರಳಿ ಬರಲು ತೆಗೆದುಕೊಳ್ಳುವ ಸಮಯವನ್ನು ಮಿಲಿಸೆಕೆಂಡುಗಳಲ್ಲಿ ನೇರವಾಗಿ ಅಳೆಯುವುದು ಇದರ ಕ್ರಮ. ಆ ಸಮಯ ಯಂತ್ರದಿಂದ ಯಂತ್ರಕ್ಕೆ ಬೇರೆ: 1.5 ಟೆಸ್ಲಾ (ಟೆಸ್ಲಾ ಎಂದರೆ ಅಯಸ್ಕಾಂತದ ಬಲದ ಅಳತೆ) ಯಂತ್ರದಲ್ಲಿ ಸಾವಿರದ ಆಸುಪಾಸಿನಲ್ಲಿರುವುದು 3 ಟೆಸ್ಲಾದಲ್ಲಿ ಇನ್ನೂ ಮೇಲಿರುತ್ತದೆ, ಒಂದರದ್ದನ್ನು ಇನ್ನೊಂದರ ಪಕ್ಕದಲ್ಲಿಟ್ಟು ಹೋಲಿಸುವಂತಿಲ್ಲ. ಔಷಧದ ಮೊದಲು ಮತ್ತು ಆಮೇಲೆ ಸ್ನಾಯುವಿನಲ್ಲೂ ರಕ್ತದಲ್ಲೂ ಅಳೆದು ಕೋಶಗಳ ಹೊರಗಿನ ಜಾಗ ಶೇಕಡಾ ಎಷ್ಟು ಎಂದು ಲೆಕ್ಕ ಹಾಕಿದರೆ ಈ ತೊಂದರೆ ಬಹುಪಾಲು ಕಡಿಮೆಯಾಗುತ್ತದೆ. ಆರೋಗ್ಯದಲ್ಲಿ ಅದು ಸುಮಾರು ಶೇ. 25, ಅಮೈಲಾಯ್ಡ್ ಎಂಬ ಪ್ರೋಟೀನು ತುಂಬಿದ ಹೃದಯದಲ್ಲಿ ಶೇ. 40ನ್ನೂ ಮೀರಬಹುದು. ಆದರೆ ಈ ಸೂತ್ರದಲ್ಲಿ ರಕ್ತದಲ್ಲಿ ಕೆಂಪುಕಣಗಳ ಪಾಲು ಎಷ್ಟು ಎಂಬ ಹೆಮಟೋಕ್ರಿಟ್ ಸಂಖ್ಯೆಯೂ ಬೇಕು. ಒಂದು ಲೆಕ್ಕ ಮಾಡಿ ನೋಡಿದೆ. ಸ್ನಾಯುವಿನ ಸಮಯ 1000ದಿಂದ 450 ಮಿಲಿಸೆಕೆಂಡಿಗೂ ರಕ್ತದ್ದು 1600ರಿಂದ 300ಕ್ಕೂ ಇಳಿದಿದೆ ಎಂದಿಟ್ಟುಕೊಂಡರೆ, ಹೆಮಟೋಕ್ರಿಟ್ ಶೇ. 40 ಎಂದು ಬರೆದಾಗ ಉತ್ತರ ಶೇ. 27, ಶೇ. 30 ಎಂದು ಬರೆದಾಗ ಸುಮಾರು ಶೇ. 32. ಒಂದು ಉತ್ತರ ಆರೋಗ್ಯದ ಮಿತಿಯೊಳಗೆ, ಇನ್ನೊಂದು ಅದರ ಹೊರಗೆ. ರಕ್ತಹೀನತೆ ಸಾಮಾನ್ಯವಾಗಿರುವ ನಮ್ಮ ನಾಡಿನಲ್ಲಿ ಆರು ತಿಂಗಳ ಹಿಂದಿನ ರಕ್ತಪರೀಕ್ಷೆಯ ಚೀಟಿಯಿಂದ ಈ ಸಂಖ್ಯೆಯನ್ನು ಎತ್ತಿಕೊಳ್ಳುವುದು ಸಲ್ಲದು, ಸ್ಕ್ಯಾನಿನ ದಿನವೇ ರಕ್ತ ತೆಗೆಯಬೇಕು.

ಮೂತ್ರಪಿಂಡದ ಕಾಯಿಲೆ ಇರುವವರು ಗ್ಯಾಡೋಲಿನಿಯಂ ಚುಚ್ಚುವ ಮೊದಲೇ ಅದನ್ನು ಹೇಳಿಕೊಳ್ಳುವುದು ಅಗತ್ಯ. ಹಳೆಯ ಬಗೆಯ ಔಷಧಗಳಿಂದ ಮೂತ್ರಪಿಂಡ ತೀರಾ ಸೋತವರಲ್ಲಿ ಚರ್ಮ ಗಟ್ಟಿಯಾಗುವ ಗಂಭೀರ ತೊಂದರೆ ಬರುತ್ತದೆಂದು 2006ರಲ್ಲಿ ಗೊತ್ತಾಯಿತು. ಗ್ಯಾಡೋಲಿನಿಯಂ ಅನ್ನು ಪಂಜರದಂತೆ ಸುತ್ತುವರಿದು ಹಿಡಿಯುವ ಹೊಸ ಔಷಧಗಳಲ್ಲಿ ಆ ಅಪಾಯ ಬಹಳ ಕಡಿಮೆ.

ಹೀಗಿರುವಾಗ ರೋಗಿಯ ಕೈಗೆ ಬರುವ ವರದಿಯಲ್ಲಿ ಬರಿಯ ಶೇಕಡಾ ಇದ್ದರೆ ಸಾಲದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಯಾವ ವಿಧಾನ, ಯಾವ ಮಿತಿ, ಎಷ್ಟು ಟೆಸ್ಲಾದ ಯಂತ್ರ, ಔಷಧ ಚುಚ್ಚಿ ಎಷ್ಟು ನಿಮಿಷಕ್ಕೆ ಚಿತ್ರ ತೆಗೆದದ್ದು, ಇವಿಷ್ಟನ್ನು ಬರೆಯಲು ಎರಡು ಸಾಲು ಸಾಕು. ಒಂದೇ ಆಸ್ಪತ್ರೆಯಲ್ಲಿ ಹುಟ್ಟಿ ಅಲ್ಲೇ ಮುಗಿಯುವ ಚಿಕಿತ್ಸೆಯಾದರೆ ಆ ಸಾಲುಗಳಿಲ್ಲದೆಯೂ ನಡೆದೀತು. ನಮ್ಮಲ್ಲಿ ಎಕೋ ಕಾಸರಗೋಡಿನಲ್ಲಿ, ಆ್ಯಂಜಿಯೋ ಮಂಗಳೂರಿನಲ್ಲಿ, ಮಗಳ ಮನೆ ಕೊಚ್ಚಿಯಲ್ಲಿ ಎಂದು ಮುಂದಿನ ಪರೀಕ್ಷೆ ಅಲ್ಲಿ. ಒಂದೆಡೆ ವಿವರಣೆ ಕನ್ನಡದಲ್ಲೋ ತುಳುವಿನಲ್ಲೋ, ಇನ್ನೊಂದೆಡೆ ಮಲಯಾಳದಲ್ಲಿ, ವರದಿ ಎರಡೂ ಕಡೆ ಇಂಗ್ಲಿಷಿನಲ್ಲಿ. ಭಾಷೆ ದಾಟಿ ಉಳಿದು ಬರುವುದು ಸಂಖ್ಯೆಯೊಂದೇ, ಆದ್ದರಿಂದಲೇ ಅದರ ಮೇಲೆ ಭಾರ ಹೆಚ್ಚು ಬೀಳುತ್ತದೆ. ಕಾಗದದ ವರದಿಯ ಜೊತೆ ಚಿತ್ರಗಳಿರುವ ಸಿ.ಡಿ.ಯನ್ನು ಕೇಳಿ ಪಡೆದು ಜೋಪಾನ ಮಾಡುವುದು ಅದಕ್ಕಾಗಿ. ವರದಿಯಲ್ಲಿರುವುದು ಒಬ್ಬರ ಅಳತೆ, ಸಿ.ಡಿ.ಯಲ್ಲಿರುವುದು ಮತ್ತೆ ಅಳೆಯಬಹುದಾದ ಹೃದಯ.

ಅಪ್ಪಚ್ಚಿಯ ವಿಷಯದಲ್ಲಿ ಆದದ್ದೂ ಅದೇ. ಮೊದಲ ಸಿ.ಡಿ. ಅಕ್ಕಿ ಪೆಟ್ಟಿಗೆಯ ಮೇಲಿನ ಫೈಲಿನಲ್ಲಿ ಸಿಕ್ಕಿತು. ಮೂರನೆಯ ವೈದ್ಯರೊಬ್ಬರು ಎರಡೂ ಸಿ.ಡಿ.ಗಳನ್ನು ಒಂದೇ ಕಂಪ್ಯೂಟರಿನಲ್ಲಿ ತೆರೆದು, ಒಂದೇ ತಂತ್ರಾಂಶದಲ್ಲಿ, ಒಂದೇ ಮಿತಿಯಿಟ್ಟು ಅಳೆದರು. ಹಳೆಯದರಲ್ಲಿ ಶೇ. 11, ಹೊಸದರಲ್ಲಿ ಶೇ. 12. ಎರಡನೆಯ ವರದಿಯಲ್ಲಿ ಬೂದು ಭಾಗವನ್ನೂ ಸೇರಿಸಿಕೊಳ್ಳುವ ಕೆಳಗಿನ ಮಿತಿ ಬಳಸಿದ್ದರಂತೆ. ಅದು ತಪ್ಪಲ್ಲ, ಬೇರೆ ಎಂದಷ್ಟೇ ಆ ವೈದ್ಯರು ಹೇಳಿದರು. ಆಮೇಲೆ ಅವರು ಕೇಳಿದ್ದು ಶೇಕಡಾ ಬಗ್ಗೆ ಅಲ್ಲ: ಎಂದಾದರೂ ಎಚ್ಚರ ತಪ್ಪಿ ಬಿದ್ದದ್ದಿದೆಯೇ, ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡವರಿದ್ದಾರೆಯೇ, ಗೋಡೆಯ ದಪ್ಪ ಎಷ್ಟು, ದಿನವಿಡೀ ಹೃದಯದ ಲಯ ದಾಖಲಿಸುವ ಹೋಲ್ಟರ್ ಯಂತ್ರದಲ್ಲಿ ಲಯ ತಪ್ಪಿದ್ದು ಕಂಡಿದೆಯೇ. ಸದ್ಯಕ್ಕೆ ಐಸಿಡಿ ಬೇಡವೆಂದಾಯಿತು. ಮಾತ್ರೆ ಮುಂದುವರಿದಿದೆ, ಮುಂದಿನ ಎಂಆರ್‌ಐ ಮೂರು ವರ್ಷ ಕಳೆದ ಮೇಲೆ. ಅಳೆದ ವಿಧಾನದ ಹೆಸರನ್ನೂ ಮಿತಿಯನ್ನೂ ಅಪ್ಪಚ್ಚಿ ಆ ವೈದ್ಯರಿಂದಲೇ ಕೇಳಿ ಫೈಲಿನ ಮೇಲೆ ಪೆನ್ನಿನಲ್ಲಿ ಬರೆಸಿಕೊಂಡು ಬಂದಿದ್ದಾರೆ.